ಚಿತ್ರೋತ್ಸವದ ಪಟ್ಟಿ ಕೈಗೆ ಬಂದಾಗ: ದಾವಣಗೆರೆ, ಚಿತ್ರದುರ್ಗದವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರು ಅಂತರರಾಷ್ಟ್ರೀಯ ಚಲನಚಿತ್ರೋತ್ಸವದ ಚಿತ್ರಗಳ ಪಟ್ಟಿ ಹೊರಬಿದ್ದ ಮೊದಲ ಭಾನುವಾರ ದಾವಣಗೆರೆಯ ನಮ್ಮ ಗೆಳೆಯರ ಬಳಗ ತಪ್ಪದೆ ಸೇರುತ್ತದೆ. ಬೆಣ್ಣೆದೋಸೆ ಮುಗಿಸಿ, ಕೈ ತೊಳೆದು, ವೇಳಾಪಟ್ಟಿಯ ಹಾಳೆಗಳನ್ನು ಮೇಜಿನ ಉದ್ದಕ್ಕೂ ಹರಡುತ್ತೇವೆ. ಎಷ್ಟೇ ಎಚ್ಚರ ವಹಿಸಿದರೂ ಒಂದಾದರೂ ಹಾಳೆಯ ಮೂಲೆಗೆ ಬೆಣ್ಣೆ ತಾಗಿ, ಹಿಂಬದಿಯ ಅಕ್ಷರಗಳು ಈಚೆ ಕಾಣತೊಡಗುತ್ತವೆ. ಆ ಮೇಜಿನ ಸುತ್ತ, ಆಮೇಲೆ ಬಸ್ಸಿನಲ್ಲಿ, ಪತ್ರಗಳಲ್ಲಿ, ಫೋನಿನಲ್ಲಿ ವರ್ಷ ವರ್ಷವೂ ಬರುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ. ಕೇಳಿದವರ ಮಾತಿನಲ್ಲೇ ಅವನ್ನು ಇಲ್ಲಿ ಜೋಡಿಸಿದ್ದೇನೆ. ಮೊದಲ ಸಲ ಹೊರಡುವವರು ಮೇಲಿನಿಂದ ಓದಲಿ, ಹೋಗಿ ಬಂದವರು ನೇರವಾಗಿ ಕೆಳಕ್ಕೆ ಇಳಿಯಲಿ.

## ಮೊದಲ ಸಲ ಹೊರಡುವವರಿಗೆ

ಚಿತ್ರೋತ್ಸವ ಎಂದರೆ ಏನು? ನಮ್ಮ ಊರಿನ ಚಿತ್ರಮಂದಿರದಲ್ಲಿ ನೋಡುವುದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಊರಿನ ಚಿತ್ರಮಂದಿರಕ್ಕೆ ಯಾವ ಚಿತ್ರ ಬರಬೇಕು ಎಂಬುದನ್ನು ವಿತರಕರು ತೀರ್ಮಾನಿಸುತ್ತಾರೆ. ಎಷ್ಟು ಜನ ಬರಬಹುದು ಎಂಬುದೇ ಅಲ್ಲಿನ ಲೆಕ್ಕ. ಚಿತ್ರೋತ್ಸವದಲ್ಲಿ ಆಯ್ಕೆ ಮಾಡುವವರು ಬೇರೆ, ಅವರ ಲೆಕ್ಕವೂ ಬೇರೆ. ಇರಾನ್, ಸೆನೆಗಲ್, ಜಾರ್ಜಿಯಾ, ಚಿಲಿ ದೇಶಗಳ ಚಿತ್ರಗಳು, ಅಸ್ಸಾಮಿ, ತುಳು, ಖಾಸಿ ಭಾಷೆಯ ಚಿತ್ರಗಳು ಒಂದೇ ಸೂರಿನಡಿ ಒಂದು ವಾರ ತೆರೆ ಕಾಣುತ್ತವೆ. 2025ರ ಮಾರ್ಚ್ 1ರಿಂದ 8ರವರೆಗೆ ನಡೆದ 16ನೇ ಬೆಂಗಳೂರು ಉತ್ಸವದಲ್ಲಿ ಅರವತ್ತಕ್ಕೂ ಹೆಚ್ಚು ದೇಶಗಳ ಸುಮಾರು 200 ಚಿತ್ರಗಳಿದ್ದವು. ಅವುಗಳಲ್ಲಿ ಬಹುಪಾಲು ನಮ್ಮ ಜಿಲ್ಲೆಯ ಯಾವ ಪರದೆಯ ಮೇಲೂ ಎಂದೂ ಬರುವುದಿಲ್ಲ.

ನಾನು ಸಿನಿಮಾ ರಂಗದವನಲ್ಲ, ಚನ್ನಗಿರಿಯ ಅಡಿಕೆ ವ್ಯಾಪಾರಿ. ನನ್ನನ್ನು ಒಳಗೆ ಬಿಡುತ್ತಾರೆಯೇ?

ಖಂಡಿತ ಬಿಡುತ್ತಾರೆ. ಹೆಸರು ನೋಂದಾಯಿಸಿ, ಶುಲ್ಕ ಕಟ್ಟಿ, ಪ್ರತಿನಿಧಿ ಪಾಸ್ ಪಡೆದರೆ ಸಾಕು. ವಿದ್ಯಾರ್ಥಿಗಳಿಗೆ, ಹಿರಿಯ ನಾಗರಿಕರಿಗೆ, ಚಿತ್ರ ಸಮಾಜಗಳ (ಒಟ್ಟಾಗಿ ಸೇರಿ ಒಳ್ಳೆಯ ಚಿತ್ರಗಳನ್ನು ನೋಡುವ ಬಳಗಗಳ) ಸದಸ್ಯರಿಗೆ ರಿಯಾಯಿತಿ ಇರುತ್ತದೆ. ಭಾವಚಿತ್ರ ಮತ್ತು ಗುರುತಿನ ಚೀಟಿ ಸಿದ್ಧವಾಗಿಟ್ಟುಕೊಂಡು ಮನೆಯಿಂದಲೇ ನೋಂದಣಿ ಮಾಡಿಸಿ. ಈ ಉತ್ಸವವನ್ನು 2006ರಲ್ಲಿ ಶುರು ಮಾಡಿದ್ದು ಸುಚಿತ್ರಾ ಫಿಲ್ಮ್ ಸೊಸೈಟಿ. ಈಗ ರಾಜ್ಯ ಸರ್ಕಾರದ ಪರವಾಗಿ ಕರ್ನಾಟಕ ಚಲನಚಿತ್ರ ಅಕಾಡೆಮಿ ನಡೆಸುತ್ತಿದೆ. ನಮ್ಮ ತೆರಿಗೆಯ ಹಣವೂ ಅದರಲ್ಲಿದೆ. ಆದ್ದರಿಂದ ಅದು ನಿಮ್ಮದೇ ಉತ್ಸವ ಎಂದು ತಿಳಿದು ಹೋಗಿ.

ಮೂರೇ ದಿನ ರಜೆ ಸಿಗುತ್ತದೆ. ಅಷ್ಟಕ್ಕೆ ಹೋಗಿ ಪ್ರಯೋಜನವಿದೆಯೇ? ಎಲ್ಲಿ ಇಳಿಯಬೇಕು?

ಮೂರು ದಿನ ಧಾರಾಳವಾಯಿತು. ಮೊದಲ ಎರಡು ದಿನ ಉದ್ಘಾಟನೆಯ ಗಡಿಬಿಡಿ, ಕೊನೆಯ ದಿನ ಪ್ರಶಸ್ತಿ ಪ್ರದಾನದ ಗಡಿಬಿಡಿ. ನಡುವಿನ ಮೂರು ದಿನ ಹಿಡಿದರೆ ಒಂಬತ್ತು ಹತ್ತು ಚಿತ್ರ ನೋಡಬಹುದು. ಮೊದಲ ಪ್ರದರ್ಶನದಲ್ಲಿ ಮೆಚ್ಚುಗೆ ಪಡೆದ ಚಿತ್ರಗಳು ಎರಡನೇ ಸಲ ಬರುವುದೂ ಸಾಮಾನ್ಯವಾಗಿ ಆ ದಿನಗಳಲ್ಲೇ.

ದಾವಣಗೆರೆಯಿಂದ ಬೆಂಗಳೂರಿಗೆ ಸುಮಾರು 260 ಕಿಲೋಮೀಟರ್, ಚಿತ್ರದುರ್ಗದಿಂದ 200. ಉತ್ಸವ ಹಲವು ವರ್ಷ ರಾಜಾಜಿನಗರದ ಓರಾಯನ್ ಮಾಲ್‌ನಲ್ಲಿ ನಡೆದಿದೆ. ಅಲ್ಲಿಗೆ ಹೋಗಲು ನಮ್ಮ ಕಡೆಯವರು ಮೆಜೆಸ್ಟಿಕ್‌ವರೆಗೆ ಹೋಗಿ ಹಿಂದಿರುಗಬೇಕಾಗಿಲ್ಲ. ತುಮಕೂರು ರಸ್ತೆಯಲ್ಲಿ ಬರುವ ಬಸ್ಸಿನಿಂದ ಗೊರಗುಂಟೆಪಾಳ್ಯದಲ್ಲಿ ಇಳಿದು ಮೆಟ್ರೋ ಹಿಡಿದರೆ ಎರಡನೆಯ ನಿಲ್ದಾಣವೇ ಮಾಲ್‌ಗೆ ಹತ್ತಿರದ ಸ್ಯಾಂಡಲ್ ಸೋಪ್ ಫ್ಯಾಕ್ಟರಿ. ರೈಲಿನಲ್ಲಿ ಬರುವವರು ಯಶವಂತಪುರದಲ್ಲಿ ಇಳಿಯಲಿ. ಸ್ಥಳ ಬದಲಾಗುವುದುಂಟು, ಆ ವರ್ಷದ ಪ್ರಕಟಣೆ ನೋಡಿಕೊಂಡೇ ಕೊಠಡಿ ಗೊತ್ತು ಮಾಡಿ.

ನನಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ. ಪರದೆಯ ಕೆಳಗೆ ಓಡುವ ಸಾಲುಗಳನ್ನು ಓದಿ ಮುಗಿಸುವುದರೊಳಗೆ ಹೋಗಿಬಿಡುತ್ತವೆ. ನಾನು ಬಂದು ಏನು ಮಾಡಲಿ?

ಹೆಚ್ಚು ಜನ ಹಿಂಜರಿಯುವುದು ಇದೇ ಕಾರಣಕ್ಕೆ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಅಡಿಬರಹ ಸಾಮಾನ್ಯವಾಗಿ ಒಂದು ಸಲಕ್ಕೆ ಎರಡು ಸಾಲು ಮೀರುವುದಿಲ್ಲ. ಅವುಗಳ ಇಂಗ್ಲಿಷ್ ಸರಳ, ಆಡುಮಾತಿನದು. ಮೊದಲ ಚಿತ್ರದಲ್ಲಿ ಕಣ್ಣು ಮೇಲಕ್ಕೂ ಕೆಳಕ್ಕೂ ಓಡಾಡಿ ಸುಸ್ತಾಗುತ್ತದೆ, ಮೂರನೆಯ ಚಿತ್ರದ ಹೊತ್ತಿಗೆ ಅದು ತಾನೇ ಅಭ್ಯಾಸವಾಗುತ್ತದೆ. ಎಲ್ಲ ಸಾಲನ್ನೂ ಓದಲೇಬೇಕೆಂಬ ಹಟ ಬೇಡ. ಮುಖ ನೋಡಿ. ಅಡುಗೆಮನೆಯಲ್ಲಿ ಅತ್ತೆ ಸೊಸೆ ಮಾತು ಬಿಟ್ಟಿದ್ದಾರೆ ಎಂಬುದನ್ನು ಪಾತ್ರೆ ಇಡುವ ಸದ್ದೇ ಹೇಳುತ್ತದೆ, ಅದಕ್ಕೆ ಯಾವ ಭಾಷೆಯೂ ಬೇಕಾಗಿಲ್ಲ.

ಮನೆಯಲ್ಲೇ ಒಂದು ಅಭ್ಯಾಸ ಮಾಡಬಹುದು. ಉತ್ಸವಕ್ಕೆ ತಿಂಗಳು ಮುಂಚೆ, ನಿಮಗೆ ಕಥೆ ಗೊತ್ತಿರುವ ಕನ್ನಡ ಚಿತ್ರವೊಂದನ್ನು ಇಂಗ್ಲಿಷ್ ಅಡಿಬರಹ ಹಾಕಿಕೊಂಡು ನೋಡಿ. ಕಿವಿಗೆ ಕನ್ನಡ, ಕಣ್ಣಿಗೆ ಇಂಗ್ಲಿಷ್. ಹರಿಹರದ ಗೆಳೆಯರೊಬ್ಬರು ಹೀಗೆ ನಾಲ್ಕು ಚಿತ್ರ ನೋಡಿ ಹೊರಟರು. ಅವರು ಓದಿದ್ದು ಏಳನೇ ತರಗತಿಯವರೆಗೆ. ಈಗ ನಾವು ತಪ್ಪಿಸಿಕೊಂಡ ಸಾಲುಗಳನ್ನು ಅವರೇ ನಮಗೆ ಹೇಳುತ್ತಾರೆ.

ಮಕ್ಕಳನ್ನು ಕರೆದುಕೊಂಡು ಹೋಗಬಹುದೇ?

ಸಾಮಾನ್ಯವಾಗಿ 18 ವರ್ಷ ತುಂಬಿದವರಿಗೆ ಮಾತ್ರ ಪಾಸ್. ಉತ್ಸವದ ವಿದೇಶಿ ಚಿತ್ರಗಳಿಗೆ ಸೆನ್ಸಾರ್ ಪ್ರಮಾಣಪತ್ರ ಇರುವುದಿಲ್ಲ. ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ವಿನಾಯಿತಿ ಪಡೆದು, ನೋಂದಾಯಿತ ಪ್ರತಿನಿಧಿಗಳಿಗಷ್ಟೇ ಅವನ್ನು ತೋರಿಸುತ್ತಾರೆ. ಬಾಗಿಲಲ್ಲಿ ಟಿಕೆಟ್ ಮಾರದೆ ಪಾಸ್ ಕೇಳುವುದಕ್ಕೂ ಇದೇ ಕಾರಣ.

## ಪಟ್ಟಿಯನ್ನು ಓದುವುದು

ಇನ್ನೂರು ಚಿತ್ರಗಳ ಹೆಸರು ನೋಡಿದರೆ ತಲೆ ತಿರುಗುತ್ತದೆ. ಯಾವುದನ್ನು ಆರಿಸಲಿ?

ಮೊದಲು, ನೋಡಬೇಕಾಗಿಲ್ಲದ್ದನ್ನು ಹೊಡೆದುಹಾಕಿ. ಇನ್ನೆರಡು ತಿಂಗಳಲ್ಲಿ ಮೊಬೈಲಿಗೇ ಬರುವ ದೊಡ್ಡ ಚಿತ್ರಗಳನ್ನು ನಾನು ಉತ್ಸವದಲ್ಲಿ ನೋಡುವುದಿಲ್ಲ, ಅವುಗಳ ಮುಂದೆ ಎಷ್ಟೇ ಉದ್ದದ ಸಾಲಿದ್ದರೂ. ಇದೊಂದನ್ನು ಪಾಲಿಸಿದರೆ ಪಟ್ಟಿ ಅರ್ಧಕ್ಕೆ ಇಳಿಯುತ್ತದೆ, ಸಾಲಿನಲ್ಲಿ ನಿಲ್ಲುವ ಹೊತ್ತೂ ಉಳಿಯುತ್ತದೆ.

ಉಳಿದದ್ದರಲ್ಲಿ ನಾನು ಮೊದಲು ನೋಡುವುದು ದೇಶವನ್ನು. ನಮ್ಮ ಬಳಗದಲ್ಲಿ ಬಟ್ಟೆ ಅಂಗಡಿಯವರೊಬ್ಬರಿದ್ದಾರೆ. ಅವರು ಮಗಳ ಶಾಲೆಯ ಚೀಲದಿಂದ ನಕ್ಷೆ ಪುಸ್ತಕ ತೆಗೆದುಕೊಂಡು ಬರುತ್ತಾರೆ. ಪಟ್ಟಿಯಲ್ಲಿರುವ ದೇಶ ಎಲ್ಲಿದೆ ಎಂದು ಬೆರಳಿಟ್ಟು ಹುಡುಕುತ್ತಾರೆ. ಹುಡುಕಲು ಹೆಚ್ಚು ಹೊತ್ತು ಹಿಡಿದ ದೇಶದ ಚಿತ್ರಕ್ಕೆ ಅವರು ಕೆಂಪು ಗೆರೆ ಎಳೆಯುತ್ತಾರೆ. ಕಿರ್ಗಿಸ್ತಾನದ ಕುರಿಗಾಹಿಗಳ ಮನೆಯೊಳಗೆ ಎರಡು ಗಂಟೆ ಕುಳಿತು ಬಂದ ರಾತ್ರಿ ಅವರು ಊಟದ ಹೊತ್ತಿನಲ್ಲಿ ಆ ಉಣ್ಣೆಯ ನೇಯ್ಗೆಯ ಬಗ್ಗೆ ಅರ್ಧ ಗಂಟೆ ಮಾತನಾಡಿದರು. ಅಂಚು ಹೇಗೆ ಮಡಿಸುತ್ತಾರೆ, ಬಣ್ಣ ಹೇಗೆ ಹಿಡಿದಿದೆ ಎಂದೆಲ್ಲ. ನಾವು ಯಾರೂ ಅದನ್ನು ಗಮನಿಸಿರಲಿಲ್ಲ.

ಎರಡನೆಯದು, ನಿರ್ದೇಶಕರ ಚೊಚ್ಚಲ ಚಿತ್ರವೇ ಎಂದು ನೋಡುತ್ತೇನೆ. ಮೊದಲ ಚಿತ್ರದಲ್ಲಿ ತಪ್ಪುಗಳಿರುತ್ತವೆ, ಆದರೆ ಬಹಳ ವರ್ಷ ಎದೆಯೊಳಗೆ ಇಟ್ಟುಕೊಂಡ ಸಂಗತಿಯೊಂದು ಅದರಲ್ಲಿ ಬಂದೇ ಬಂದಿರುತ್ತದೆ. ಮೂರನೆಯದು, ಅವಧಿ. ಬೆಳಿಗ್ಗೆ ತಲೆ ಹಗುರವಾಗಿರುವಾಗ ಎರಡೂವರೆ ಗಂಟೆಯ ಚಿತ್ರ, ಊಟದ ನಂತರ ತೊಂಬತ್ತು ನಿಮಿಷದ್ದು. ಕಥಾಸಾರಾಂಶವನ್ನು ನಾನು ನಂಬುವುದಿಲ್ಲ. ಮೂರು ಸಾಲಿನಲ್ಲಿ ಹೇಳಲು ಹೋಗಿ ಒಳ್ಳೆಯ ಚಿತ್ರವನ್ನೂ ಧಾರಾವಾಹಿಯ ಹಾಗೆ ಕಾಣಿಸಿಬಿಡುತ್ತಾರೆ.

ದಿನಕ್ಕೆ ಐದು ಪ್ರದರ್ಶನಗಳಿರುತ್ತವೆ. ಮೂರಕ್ಕೆ ನಿಲ್ಲಿಸಿ. ಮೊದಲ ವರ್ಷ ನಾನು ಐದನ್ನೂ ನೋಡಿದೆ, ಊರಿಗೆ ಬಂದು ಬರೆದಿಟ್ಟುಕೊಳ್ಳಲು ಕುಳಿತರೆ ಒಂದು ಚಿತ್ರದ ಅಜ್ಜಿ ಇನ್ನೊಂದು ಚಿತ್ರದ ಮನೆಯಲ್ಲಿ ಕುಳಿತಿದ್ದಳು.

ವಿಭಾಗಗಳ ಹೆಸರುಗಳೇ ಅರ್ಥವಾಗುವುದಿಲ್ಲ. ಸ್ಪರ್ಧಾ ವಿಭಾಗ ಎಂದರೇನು, ಕಂಟ್ರಿ ಫೋಕಸ್ ಎಂದರೇನು?

ಬೆಂಗಳೂರಿನಲ್ಲಿ ಸ್ಪರ್ಧೆ ಮುಖ್ಯವಾಗಿ ಮೂರು: ಏಷ್ಯಾದ ಚಿತ್ರಗಳದ್ದು, ಚಿತ್ರಭಾರತಿ ಎಂಬ ಹೆಸರಿನ ಭಾರತೀಯ ಚಿತ್ರಗಳದ್ದು, ಕನ್ನಡ ಚಿತ್ರಗಳದ್ದು. ಇವುಗಳನ್ನು ತೀರ್ಪುಗಾರರು ನೋಡಿ ಬಹುಮಾನ ಕೊಡುತ್ತಾರೆ. ಸಮಕಾಲೀನ ವಿಶ್ವ ಸಿನಿಮಾ ವಿಭಾಗದಲ್ಲಿ ಸ್ಪರ್ಧೆ ಇಲ್ಲ. ಹಿಂದಿನ ವರ್ಷ ಜಗತ್ತಿನ ಬೇರೆ ಬೇರೆ ಉತ್ಸವಗಳಲ್ಲಿ ಹೆಸರು ಮಾಡಿದವು ಇಲ್ಲಿ ಬರುತ್ತವೆ, ಸಂಖ್ಯೆಯೂ ಇಲ್ಲೇ ಹೆಚ್ಚು. ಕಂಟ್ರಿ ಫೋಕಸ್ ಎಂದರೆ ಒಂದೇ ದೇಶದ ಹಲವು ಚಿತ್ರಗಳ ಗುಚ್ಛ. ರೆಟ್ರಾಸ್ಪೆಕ್ಟಿವ್ ಎಂದರೆ ಒಬ್ಬರೇ ನಿರ್ದೇಶಕರ ಮುಖ್ಯ ಚಿತ್ರಗಳ ಸಾಲು.

ಮೊದಲ ಸಲ ಹೋಗುವವರಿಗೆ ನಾನು ಹೇಳುವುದು: ರೆಟ್ರಾಸ್ಪೆಕ್ಟಿವ್‌ನಲ್ಲಿ ಎರಡಾದರೂ ನೋಡಿ. ಒಬ್ಬರೇ ನಿರ್ದೇಶಕರ ಎರಡು ಚಿತ್ರಗಳನ್ನು ಎರಡು ದಿನಗಳಲ್ಲಿ ನೋಡಿದಾಗ, ಅವರು ಬಾಗಿಲನ್ನು ಹೇಗೆ ತೋರಿಸುತ್ತಾರೆ, ಯಾವಾಗ ಸಂಗೀತ ನಿಲ್ಲಿಸುತ್ತಾರೆ ಎಂಬುದು ನಮಗೇ ಗೊತ್ತಾಗತೊಡಗುತ್ತದೆ. ಚಿತ್ರ ನೋಡುವುದನ್ನು ನಾನು ಕಲಿತದ್ದು ಹಾಗೆ.

ಹೆಸರಿನ ಪಕ್ಕದಲ್ಲಿ ಕಾನ್, ವೆನಿಸ್, ಬರ್ಲಿನ್ ಎಂದು ಬರೆದಿರುತ್ತಾರೆ. ಅವೆಲ್ಲ ಏನು?

ಅವು ಆ ಚಿತ್ರ ಮೊದಲು ತೆರೆ ಕಂಡ ಉತ್ಸವಗಳು. ವೆನಿಸ್ ಅತ್ಯಂತ ಹಳೆಯದು, 1932ರಲ್ಲಿ ಶುರುವಾಯಿತು. ಅದರ ದೊಡ್ಡ ಪ್ರಶಸ್ತಿ ಚಿನ್ನದ ಸಿಂಹ. ಕಾನ್ 1946ರದು, ಅಲ್ಲಿ ಚಿನ್ನದ ತಾಳೆಗರಿ. ಬರ್ಲಿನ್ 1951ರದು, ಅಲ್ಲಿ ಚಿನ್ನದ ಕರಡಿ. ಸ್ವಿಟ್ಜರ್ಲೆಂಡಿನ ಲೊಕಾರ್ನೊದಲ್ಲಿ ಚಿನ್ನದ ಚಿರತೆ. ನಮ್ಮ ಗೋವಾದಲ್ಲಿ ಚಿನ್ನದ ನವಿಲು, ತಿರುವನಂತಪುರದಲ್ಲಿ ಸುವರ್ಣ ಚಕೋರ.

ಇವುಗಳ ತಿಂಗಳುಗಳನ್ನು ನೆನಪಿಟ್ಟುಕೊಂಡರೆ ಬೆಂಗಳೂರಿನ ಪಟ್ಟಿ ಅರ್ಧ ಅರ್ಥವಾದ ಹಾಗೆ. ಫೆಬ್ರುವರಿಯಲ್ಲಿ ಬರ್ಲಿನ್, ಮೇ ತಿಂಗಳಲ್ಲಿ ಕಾನ್, ಆಗಸ್ಟಿನಲ್ಲಿ ಲೊಕಾರ್ನೊ, ಆಗಸ್ಟ್ ಕೊನೆಗೆ ವೆನಿಸ್, ಸೆಪ್ಟೆಂಬರಿನಲ್ಲಿ ಟೊರಾಂಟೊ, ಆಮೇಲೆ ದಕ್ಷಿಣ ಕೊರಿಯಾದ ಬುಸಾನ್, ನವೆಂಬರಿನಲ್ಲಿ ಗೋವಾ, ಡಿಸೆಂಬರಿನಲ್ಲಿ ತಿರುವನಂತಪುರ. ಬೆಂಗಳೂರಿನದು ವರ್ಷದ ಮೊದಲ ತಿಂಗಳುಗಳಲ್ಲಿ. ಹೀಗಾಗಿ ಇಡೀ ವರ್ಷದ ಬೆಳೆ ಕಣಕ್ಕೆ ಬಂದು ರಾಶಿಯಾದ ಮೇಲೆ ನಾವು ಹೋಗುತ್ತೇವೆ. ತಡವಾಗಿ ಬರುತ್ತದೆ ಎಂದು ಕೆಲವರು ದೂರುತ್ತಾರೆ, ನನಗೆ ಅದೇ ಅನುಕೂಲವಾಗಿ ಕಂಡಿದೆ.

ಪ್ರಶಸ್ತಿ ಬಂದಿದ್ದರೆ ಒಳ್ಳೆಯ ಚಿತ್ರ ಎಂದು ನಂಬಿ ಹೋಗಬಹುದೇ?

ಪ್ರಶಸ್ತಿಯನ್ನು ಏಳೆಂಟು ತೀರ್ಪುಗಾರರು ಕೂಡಿ ಕೊಡುತ್ತಾರೆ. ಅವರಲ್ಲಿ ಒಮ್ಮತವಾಗದೆ, ಯಾರಿಗೂ ತೀರಾ ಬೇಸರವಾಗದ ಚಿತ್ರಕ್ಕೆ ಬಹುಮಾನ ಹೋಗುವುದೂ ಇದೆ. ಹಾಗಾಗಿ ದೊಡ್ಡ ಪ್ರಶಸ್ತಿಗಿಂತ ನಾನು ವಿಭಾಗವನ್ನು ನೋಡುತ್ತೇನೆ. ಕಾನ್‌ನಲ್ಲಿ ಮುಖ್ಯ ಸ್ಪರ್ಧೆಯಲ್ಲದೆ ಅನ್ ಸರ್ಟೆನ್ ರಿಗಾರ್ ಎಂಬ ವಿಭಾಗ 1978ರಿಂದ ಇದೆ, ಹೊಸ ಬಗೆಯ ದನಿಗಳಿಗೆ ಮೀಸಲು. 1962ರಿಂದ ನಡೆಯುತ್ತಿರುವ ವಿಮರ್ಶಕರ ವಾರ, 1969ರಿಂದ ನಡೆಯುತ್ತಿರುವ ನಿರ್ದೇಶಕರ ಪಾಕ್ಷಿಕ ಎಂಬುವೂ ಇವೆ. ಬರ್ಲಿನ್‌ನಲ್ಲಿ ಫೋರಮ್ ಇದೆ. ಈ ಪಕ್ಕದ ವಿಭಾಗಗಳಿಂದ ಬಂದ ಚಿತ್ರಗಳು ನನ್ನನ್ನು ನಿರಾಸೆಗೊಳಿಸಿದ್ದು ಕಡಿಮೆ.

ಪೋಸ್ಟರ್ ತುಂಬ ಉತ್ಸವಗಳ ಹೆಸರನ್ನು ಸುತ್ತುವರಿದ ಎಲೆಗಳ ಹಾರ ಇದ್ದರೆ ಮೋಸಹೋಗಬೇಡಿ. ಅದರಲ್ಲಿ ಬರೆದದ್ದನ್ನು ಓದಿ. ಬಹುತೇಕ ಕಡೆ ‘ಅಧಿಕೃತ ಆಯ್ಕೆ’ ಎಂದಷ್ಟೇ ಇರುತ್ತದೆ.

ನೆಟ್‌ಪ್ಯಾಕ್, ಫಿಪ್ರೆಸ್ಕಿ, ಫಿಯಾಪ್ಫ್: ಈ ಹೆಸರುಗಳು ಎಲ್ಲ ಕಡೆ ಕಾಣುತ್ತವಲ್ಲ?

ಫಿಪ್ರೆಸ್ಕಿ ಎಂಬುದು ಚಿತ್ರ ವಿಮರ್ಶಕರ ಅಂತರರಾಷ್ಟ್ರೀಯ ಒಕ್ಕೂಟ, 1930ರಲ್ಲಿ ಹುಟ್ಟಿದ್ದು. ನೆಟ್‌ಪ್ಯಾಕ್ ಏಷ್ಯಾದ ಚಿತ್ರಗಳಿಗೆ ಒತ್ತಾಸೆಯಾಗಿ ನಿಂತಿರುವ ಬಳಗ. ಇವೆರಡೂ ಉತ್ಸವಗಳಿಗೆ ತಮ್ಮದೇ ತೀರ್ಪುಗಾರರನ್ನು ಕಳುಹಿಸಿ ಪ್ರಶಸ್ತಿ ಕೊಡುತ್ತವೆ. ಫಿಯಾಪ್ಫ್ ನಿರ್ಮಾಪಕರ ಸಂಘಗಳ ಒಕ್ಕೂಟ, ಅದು ಉತ್ಸವಗಳಿಗೇ ಮಾನ್ಯತೆ ಕೊಡುತ್ತದೆ. ಬೆಂಗಳೂರಿನ ಉತ್ಸವಕ್ಕೂ ಆ ಮಾನ್ಯತೆ ಸಿಕ್ಕಿದೆ.

ಹೊಸ ಚಿತ್ರಗಳು ಇಷ್ಟೊಂದಿರುವಾಗ ಹಳೆಯ ಕಪ್ಪು ಬಿಳುಪು ಚಿತ್ರಗಳನ್ನು ಯಾಕೆ ತೋರಿಸುತ್ತಾರೆ?

‘ಘಟಶ್ರಾದ್ಧ’ದ ಉದಾಹರಣೆ ಕೊಡುತ್ತೇನೆ. ಗಿರೀಶ್ ಕಾಸರವಳ್ಳಿಯವರ ಈ ಮೊದಲ ಚಿತ್ರ 1977ರದು, ರಾಷ್ಟ್ರೀಯ ಪ್ರಶಸ್ತಿಯ ಸ್ವರ್ಣಕಮಲ ಪಡೆದದ್ದು. ಅದರ ಪ್ರತಿಗಳು ಸವೆದು, ಗೀರು ಬಿದ್ದು, ಟಿವಿಯಲ್ಲಿ ಮಸುಕಾಗಿ ಬರುತ್ತಿತ್ತು. ನಮ್ಮ ತಲೆಮಾರಿನವರು ನೋಡಿದ್ದು ಆ ಮಸುಕನ್ನೇ. ಹಳೆಯ ಚಿತ್ರಗಳನ್ನು ಕಾಪಾಡುವ ಮುಂಬೈಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಅಮೆರಿಕದ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿಯವರ ಸಂಸ್ಥೆ ಕೈಜೋಡಿಸಿ ಅದನ್ನು ಮತ್ತೆ ಹಸನುಗೊಳಿಸಿದವು. 2024ರಲ್ಲಿ ವೆನಿಸ್‌ನ ಶ್ರೇಷ್ಠ ಕೃತಿಗಳ ವಿಭಾಗದಲ್ಲಿ ಅದು ತೆರೆ ಕಂಡಿತು. ನೆಗೆಟಿವ್ ಕೊಳೆತುಹೋದರೆ ಚಿತ್ರ ಸತ್ತ ಹಾಗೆ. ಆದ್ದರಿಂದ ಪಟ್ಟಿಯಲ್ಲಿ ‘ಪುನರುಜ್ಜೀವನಗೊಂಡ ಕೃತಿ’ ಎಂದು ಕಂಡರೆ ನಾನು ಹೊಸದೊಂದನ್ನು ಬಿಟ್ಟು ಅದಕ್ಕೆ ಹೋಗುತ್ತೇನೆ. ದೊಡ್ಡ ಪರದೆಯ ಮೇಲೆ ಅದು ಮತ್ತೆ ಯಾವಾಗ ಬರುತ್ತದೋ ಯಾರು ಬಲ್ಲರು.

## ಪರದೆಯ ಮುಂದೆ

ಉತ್ಸವದ ಚಿತ್ರಗಳು ಬಹಳ ನಿಧಾನ. ನನಗೆ ನಿದ್ದೆ ಬರುತ್ತದೆ. ತಪ್ಪು ನನ್ನದೇ?

ತಪ್ಪು ಯಾರದ್ದೂ ಅಲ್ಲ. ಎಲ್ಲವೂ ನಿಧಾನವಲ್ಲ ಎಂಬುದನ್ನು ಮೊದಲು ಹೇಳಬೇಕು. ಉತ್ಸವದಲ್ಲಿ ಕೊಲೆಯ ಕಥೆಗಳೂ ಇರುತ್ತವೆ, ಹೊಟ್ಟೆ ಹುಣ್ಣಾಗುವಷ್ಟು ನಗಿಸುವವೂ ಇರುತ್ತವೆ. ಆದರೆ ನಿಧಾನವಾದವು ಇವೆ, ಬೇಕೆಂದೇ ಹಾಗೆ ಮಾಡಿದವು. ಹಂಗೇರಿಯ ಬೇಲಾ ತಾರ್ ಅವರ 2011ರ ‘ದಿ ಟ್ಯೂರಿನ್ ಹಾರ್ಸ್’ ಚಿತ್ರದಲ್ಲಿ ಎರಡೂವರೆ ಗಂಟೆಗೆ ಇರುವುದು ಸುಮಾರು ಮೂವತ್ತೇ ಶಾಟ್ (ನಡುವೆ ಕತ್ತರಿಸದೆ ಒಂದೇ ಓಟದಲ್ಲಿ ತೆಗೆದ ತುಣುಕು). ಅಪ್ಪ ಮಗಳು ಬೇಯಿಸಿದ ಆಲೂಗಡ್ಡೆ ತಿನ್ನುತ್ತಾರೆ, ಬಾವಿಯಿಂದ ನೀರು ತರುತ್ತಾರೆ, ಗಾಳಿ ಬೀಸುತ್ತಲೇ ಇರುತ್ತದೆ. ಅಷ್ಟೇ.

ನಮ್ಮ ಕಡೆಯವರಿಗೆ ಇದು ಅಪರಿಚಿತವಾಗಬಾರದು. ಚಳ್ಳಕೆರೆ, ಜಗಳೂರು ಕಡೆಯ ಹಳ್ಳಿಗಳಲ್ಲಿ ಬಯಲಾಟ ಶುರುವಾಗುವುದೇ ಊಟವಾದ ಮೇಲೆ, ಮುಗಿಯುವುದು ಬೆಳಗಿನ ಜಾವ. ಒಂದು ಪಾತ್ರ ರಂಗಕ್ಕೆ ಬಂದು ಕುಣಿದು ತನ್ನ ಹೆಸರು ಹೇಳುವುದಕ್ಕೇ ಕಾಲು ಗಂಟೆ. ಯಾರೂ ಅದನ್ನು ನಿಧಾನ ಎನ್ನಲಿಲ್ಲ. ನಡುವೆ ಕಣ್ಣು ಹತ್ತಿದರೆ ಕಂಬಳಿ ಹೊದ್ದು ಒರಗಿ, ಮದ್ದಳೆಯ ಪೆಟ್ಟಿಗೆ ಎದ್ದು ಮತ್ತೆ ನೋಡುತ್ತಿದ್ದರು. ಅದೇ ಮನಸ್ಸಿನಿಂದ ಚಿತ್ರಮಂದಿರದಲ್ಲಿ ಕೂಡಿ. ಮುಂದೇನು ಎಂದು ಕಾಯಬೇಡಿ, ಈಗ ಪರದೆಯಲ್ಲಿ ಏನಿದೆ ಎಂದು ಹುಡುಕಿ. ಬೆಳಕು ಯಾವ ಕಡೆಯಿಂದ ಬರುತ್ತಿದೆ, ಹೊರಗೆ ಯಾವ ಹಕ್ಕಿ ಕೂಗಿತು ಎಂದು. ಐದು ನಿಮಿಷ ನಿದ್ದೆ ಹೋದರೆ ಹೋಗಲಿ.

ರಾತ್ರಿ ಬಸ್ಸಿನಲ್ಲಿ ಬಂದು ನೇರವಾಗಿ ಇಂಥ ಚಿತ್ರಕ್ಕೆ ಮಾತ್ರ ಹೋಗಬೇಡಿ.

ಇಷ್ಟವಾಗದಿದ್ದರೆ ಅರ್ಧಕ್ಕೆ ಎದ್ದು ಬರಬಹುದೇ?

ಬರಬಹುದು. ಮೊದಲ ನಲವತ್ತು ನಿಮಿಷ ಕೊಡಿ, ಆಮೇಲೆ ಬಗ್ಗಿಕೊಂಡು, ಮೊಬೈಲ್ ದೀಪ ಹಾಕದೆ ಹೊರಗೆ ಬನ್ನಿ. ನಿರ್ದೇಶಕರು ಸಭಾಂಗಣದಲ್ಲಿ ಕುಳಿತಿದ್ದರೆ ಮಾತ್ರ ನಾನು ಏಳುವುದಿಲ್ಲ.

ಒಂದು ಗಂಟೆ ಸಾಲಿನಲ್ಲಿ ನಿಂತ ಮೇಲೆ ಪ್ರದರ್ಶನವಿಲ್ಲ ಎಂದರು. ಹೀಗೇಕೆ ಆಗುತ್ತದೆ?

ನನಗೂ ಆಗಿದೆ. ಬೇರೆ ನಗರದ ಒಂದು ಉತ್ಸವದಲ್ಲಿ, ಎರಡು ವರ್ಷ ಕಾದಿದ್ದ ಚಿತ್ರಕ್ಕೆ ಹೋಗಿ ಕುಳಿತು, ನಲವತ್ತು ನಿಮಿಷ ಖಾಲಿ ಪರದೆ ನೋಡಿ ಎದ್ದು ಬಂದೆವು. ಕಾರಣ ಹೇಳಲೂ ಯಾರೂ ಬರಲಿಲ್ಲ. ಆ ನೋವು ಇನ್ನೂ ಇದೆ. ಆಮೇಲೆ ಪ್ರೊಜೆಕ್ಟರ್ ನಡೆಸುವವರನ್ನು ಕೇಳಿ ತಿಳಿದುಕೊಂಡದ್ದು ಇಷ್ಟು.

ಈಗ ಚಿತ್ರಗಳು ರೀಲಿನಲ್ಲಿ ಬರುವುದಿಲ್ಲ. ಡಿಸಿಪಿ ಎಂಬ ಡಿಜಿಟಲ್ ರೂಪದಲ್ಲಿ, ಹಾರ್ಡ್ ಡಿಸ್ಕಿನಲ್ಲೋ ಅಂತರಜಾಲದ ಮೂಲಕವೋ ಬರುತ್ತವೆ. ಕದಿಯಬಾರದೆಂದು ಅದಕ್ಕೆ ಬೀಗ ಹಾಕಿರುತ್ತಾರೆ. ಆ ಬೀಗಕ್ಕೆ ಕೆಡಿಎಂ ಎಂಬ ಕೀಲಿ ಬೇಕು. ಆ ಕೀಲಿಯನ್ನು ಒಂದು ನಿರ್ದಿಷ್ಟ ಪರದೆಯ ಸರ್ವರ್‌ಗೆ, ನಿರ್ದಿಷ್ಟ ದಿನ, ನಿರ್ದಿಷ್ಟ ಗಂಟೆಗಳಿಗೆ ಮಾತ್ರ ಹೊಂದುವಂತೆ ಮಾಡಿರುತ್ತಾರೆ. ಮೂರನೇ ಪರದೆಗೆ ಮಾಡಿದ ಕೀಲಿಯಿಂದ ಐದನೇ ಪರದೆಯಲ್ಲಿ ಬೀಗ ತೆರೆಯುವುದಿಲ್ಲ. ಸಂಜೆ ನಾಲ್ಕಕ್ಕೆ ಅವಧಿ ಮುಗಿಯುವ ಕೀಲಿ ಐದಕ್ಕೆ ಕೆಲಸಕ್ಕೆ ಬಾರದು. ಬೆಳಗಿನ ಪ್ರದರ್ಶನಕ್ಕೆ ಹೊಸ ಕೀಲಿ ಬೇಕೆಂದರೆ ಪ್ಯಾರಿಸ್ಸಿನ ಯಾವುದೋ ಕಚೇರಿಯಲ್ಲಿ ಆಗಿನ್ನೂ ಬೆಳಗಾಗಿರುವುದಿಲ್ಲ. ಇಡೀ ವಾರ ಹತ್ತಕ್ಕೂ ಹೆಚ್ಚು ಪರದೆಗಳಲ್ಲಿ ಈ ಕೀಲಿಗಳನ್ನು ಹೊಂದಿಸುವವರು ಬೆರಳೆಣಿಕೆಯ ಜನ. ಅವರ ಮೇಲೆ ನನಗೀಗ ಕೋಪವಿಲ್ಲ. ಆದರೆ ಬಾಗಿಲ ಬಳಿ ಬಂದು ನಾಲ್ಕು ಮಾತು ಹೇಳುವ ಒಬ್ಬರು ಇರಲೇಬೇಕು ಎಂಬುದರಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ.

## ಪರದೆಯ ಹಿಂದೆ

ಈ ಚಿತ್ರಗಳನ್ನು ಆರಿಸುವವರು ಯಾರು? ಹೇಗೆ ಆರಿಸುತ್ತಾರೆ?

ಎರಡು ದಾರಿಗಳಿವೆ. ಒಂದು, ನಿರ್ದೇಶಕರು, ನಿರ್ಮಾಪಕರು ತಾವೇ ಅರ್ಜಿ ಹಾಕಿ ಚಿತ್ರ ಕಳುಹಿಸುತ್ತಾರೆ, ಆಯ್ಕೆ ಸಮಿತಿ ಅವನ್ನು ನೋಡಿ ಜರಡಿ ಹಿಡಿಯುತ್ತದೆ. ಇನ್ನೊಂದು, ಉತ್ಸವದ ಪರವಾಗಿ ವರ್ಷವಿಡೀ ಬೇರೆ ಉತ್ಸವಗಳಿಗೆ ಹೋಗಿ ನೋಡಿ, ಒಳ್ಳೆಯದೆನಿಸಿದ್ದನ್ನು ಕರೆಸುವವರು ಇರುತ್ತಾರೆ. ಕರೆಸಿಕೊಂಡ ಚಿತ್ರಕ್ಕೆ ಅದರ ಹಕ್ಕು ಮಾರುವ ಏಜೆಂಟರಿಗೆ ಪ್ರದರ್ಶನ ಶುಲ್ಕ ಕೊಡಬೇಕಾಗುತ್ತದೆ. ಕೆಲವು ಹೆಸರುವಾಸಿ ಚಿತ್ರಗಳು ಪಟ್ಟಿಯಲ್ಲಿ ಇಲ್ಲದಿರುವುದಕ್ಕೆ ಎಷ್ಟೋ ಸಲ ರುಚಿಗಿಂತ ಹಣ ಕಾರಣ.

ಮೂರನೆಯ ಸಂಗತಿ, ಮೊದಲ ಪ್ರದರ್ಶನದ ಪೈಪೋಟಿ. ದೊಡ್ಡ ಉತ್ಸವಗಳು ತಮ್ಮ ಸ್ಪರ್ಧೆಗೆ ಬರುವ ಚಿತ್ರ ಬೇರೆಲ್ಲೂ ತೆರೆ ಕಂಡಿರಬಾರದು ಎನ್ನುತ್ತವೆ. ಹೀಗಾಗಿ ಕಾನ್‌ಗಾಗಿ ಕಾದಿರುವ ಚಿತ್ರ ಮಾರ್ಚಿನಲ್ಲಿ ಬೆಂಗಳೂರಿಗೆ ಬರುವುದಿಲ್ಲ. ಅದನ್ನು ನೋಡಲು ನಾವು ಮುಂದಿನ ವರ್ಷದವರೆಗೆ ಕಾಯಬೇಕು.

ನಮ್ಮ ಕನ್ನಡ ಚಿತ್ರಗಳು ಈ ದೊಡ್ಡ ಉತ್ಸವಗಳಿಗೆ ಹೋಗಿವೆಯೇ?

ಹೋಗಿವೆ, ಗೆದ್ದೂ ಬಂದಿವೆ. ಇದನ್ನು ಹೇಳುವಾಗ ನನಗೆ ಪ್ರತಿ ಸಲವೂ ಎದೆ ಉಬ್ಬುತ್ತದೆ. ಸೆನ್ಸಾರ್ ಮಂಡಳಿ ಮೊದಲು ತಡೆಹಿಡಿದಿದ್ದ ಪಟ್ಟಾಭಿರಾಮ ರೆಡ್ಡಿಯವರ ‘ಸಂಸ್ಕಾರ’ 1972ರಲ್ಲಿ ಲೊಕಾರ್ನೊದಲ್ಲಿ ಕಂಚಿನ ಚಿರತೆ ಪಡೆಯಿತು. 2015ರಲ್ಲಿ ರಾಮ್ ರೆಡ್ಡಿಯವರ ‘ತಿಥಿ’ ಅದೇ ಊರಿನಲ್ಲಿ, ಹೊಸ ನಿರ್ದೇಶಕರ ವಿಭಾಗದಲ್ಲಿ ಚಿನ್ನದ ಚಿರತೆ ಗೆದ್ದಿತು. ಅದರಲ್ಲಿ ನಟಿಸಿದವರು ಮಂಡ್ಯ ಸೀಮೆಯ ಹಳ್ಳಿಯ ಜನ, ಹಿಂದೆಂದೂ ಕ್ಯಾಮೆರಾ ಮುಂದೆ ನಿಂತವರಲ್ಲ. 2022ರಲ್ಲಿ ಜೈಶಂಕರ್ ಆರ್ಯರ್ ಅವರ ‘ಶಿವಮ್ಮ’ ಬುಸಾನ್‌ನಲ್ಲಿ, ಏಷ್ಯಾದ ಹೊಸ ನಿರ್ದೇಶಕರಿಗೆ ಮೀಸಲಾಗಿದ್ದ ನ್ಯೂ ಕರೆಂಟ್ಸ್ ಪ್ರಶಸ್ತಿ ಪಡೆಯಿತು. ಕೊಪ್ಪಳ ಜಿಲ್ಲೆಯ ಹಳ್ಳಿಯ ಹೆಂಗಸೊಬ್ಬಳ ಕಥೆ ಅದು, ಅದರ ಮಾತು ಕೇಳಿದರೆ ನಮ್ಮ ಹರಪನಹಳ್ಳಿ ದಾಟಿ ಸ್ವಲ್ಪ ಮುಂದೆ ಹೋದ ಹಾಗೆ ಅನ್ನಿಸುತ್ತದೆ. 2025ರಲ್ಲಿ ನಟೇಶ್ ಹೆಗಡೆಯವರ ‘ವಾಘಾಚಿಪಾಣಿ’ ಬರ್ಲಿನ್‌ನ ಫೋರಮ್ ವಿಭಾಗಕ್ಕೆ ಹೋಯಿತು.

ಇವುಗಳಲ್ಲಿ ಎಷ್ಟು ದಾವಣಗೆರೆಯಲ್ಲಿ ಒಂದು ವಾರ ಓಡಿವೆ ಎಂದು ಕೇಳಿದರೆ ನನ್ನಲ್ಲಿ ಸಂತೋಷದ ಉತ್ತರವಿಲ್ಲ. ಚಿತ್ರದುರ್ಗದ ಕೋಟೆಯನ್ನು ಪುಟ್ಟಣ್ಣನವರು 1972ರಲ್ಲಿ ‘ನಾಗರಹಾವು’ ಚಿತ್ರದಲ್ಲಿ ತೋರಿಸಿದಾಗ ಇಡೀ ನಾಡು ನೋಡಿತು. ನಮ್ಮ ನೆಲದ ಕಥೆಗಳಿಗೆ ನಮ್ಮ ಊರಿನಲ್ಲಿ ಪ್ರೇಕ್ಷಕರಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನೋಡುವ ಅವಕಾಶವೇ ಸಿಕ್ಕಿಲ್ಲ.

ನಾನು ಹದಿನೆಂಟು ನಿಮಿಷದ ಕಿರುಚಿತ್ರ ಮಾಡಿದ್ದೇನೆ. ಎಲ್ಲಿಗೆ ಕಳುಹಿಸಲಿ?

ಮೈಸೂರಿನ ವೈದ್ಯ ಚಿದಾನಂದ ಎಸ್. ನಾಯ್ಕ್ ಪುಣೆಯ ಚಲನಚಿತ್ರ ಸಂಸ್ಥೆಯಲ್ಲಿ ಓದುವಾಗ ಮಾಡಿದ ಕನ್ನಡ ಕಿರುಚಿತ್ರಕ್ಕೆ 2024ರಲ್ಲಿ ಕಾನ್‌ನ ಲಾ ಸಿನೆಫ್ ವಿಭಾಗದ ಮೊದಲ ಬಹುಮಾನ ಬಂತು. ಅಜ್ಜಿಯೊಬ್ಬಳು ಊರಿನ ಹುಂಜವನ್ನು ಕದ್ದ ಜನಪದ ಕಥೆ ಅದಕ್ಕೆ ಆಧಾರ. ಅದನ್ನು ಓದಿ ಎಲ್ಲರೂ ಕಾನ್‌ಗೇ ಕಳುಹಿಸಲು ಹೊರಡುತ್ತಾರೆ. ಆದರೆ ಲಾ ಸಿನೆಫ್ ಚಲನಚಿತ್ರ ಶಾಲೆಗಳ ವಿದ್ಯಾರ್ಥಿಗಳಿಗೆ ಮಾತ್ರ, ಅಲ್ಲಿನ ಕಿರುಚಿತ್ರ ಸ್ಪರ್ಧೆಗೆ ಹದಿನೈದು ನಿಮಿಷದ ಮಿತಿ ಇದೆ. ನಿಯಮ ಓದದೆ ಶುಲ್ಕ ಕಟ್ಟಬೇಡಿ.

ಮೊದಲು ಮನೆಗೆಲಸ ಮುಗಿಸಿ. ಇಂಗ್ಲಿಷ್ ಅಡಿಬರಹವನ್ನು ಚೆನ್ನಾಗಿ ಬಲ್ಲವರಿಂದ ತಿದ್ದಿಸಿ. ಹಿನ್ನೆಲೆಯಲ್ಲಿ ಬರುವ ಹಾಡಿನ ಹಕ್ಕು ನಿಮ್ಮದೇ ಎಂದು ಖಚಿತಪಡಿಸಿಕೊಳ್ಳಿ, ಮದುವೆಮನೆಯ ಸ್ಪೀಕರಿನಲ್ಲಿ ಕೇಳಿಸುವ ಹಾಡಿಗೂ ಹಕ್ಕುದಾರರಿರುತ್ತಾರೆ. ಯೂಟ್ಯೂಬಿಗೆ ಹಾಕುವ ಆತುರ ಬೇಡ, ಹಾಕಿದರೆ ಹಲವು ಬಾಗಿಲುಗಳು ಮುಚ್ಚುತ್ತವೆ. ಆಮೇಲೆ ಬೆಂಗಳೂರಿನ ಕಿರುಚಿತ್ರೋತ್ಸವ, ಗೋವಾ ಉತ್ಸವದಲ್ಲಿ ಭಾರತೀಯ ಚಿತ್ರಗಳಿಗೆಂದೇ ಇರುವ ಇಂಡಿಯನ್ ಪನೋರಮಾದ ಕಥೇತರ ವಿಭಾಗ, ಮುಂಬೈಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಸಾಕ್ಷ್ಯಚಿತ್ರ ಮತ್ತು ಕಿರುಚಿತ್ರಗಳ ಉತ್ಸವ, ಇವುಗಳ ನಿಯಮ ನೋಡಿ.

ಒಂದು ಎಚ್ಚರಿಕೆ. ತಿಂಗಳು ತಿಂಗಳು ಪ್ರಶಸ್ತಿ ಕೊಡುವ, ಒಂದು ಪರದೆಯೂ ಇಲ್ಲದ ‘ಉತ್ಸವ’ಗಳು ಅಂತರಜಾಲದಲ್ಲಿ ಬೇಕಾದಷ್ಟಿವೆ. ನಮ್ಮ ಊರಿನ ಹುಡುಗನೊಬ್ಬ ಇಂಥ ಹತ್ತು ಹನ್ನೆರಡು ಕಡೆ ಶುಲ್ಕ ಕಟ್ಟಿ, ಎಲ್ಲ ಕಡೆಯೂ ಪ್ರಶಸ್ತಿ ಪಡೆದ. ಅವನ ಚಿತ್ರವನ್ನು ಕತ್ತಲೆಯ ಸಭಾಂಗಣದಲ್ಲಿ ಕುಳಿತು ಒಬ್ಬರೂ ನೋಡಿರಲಿಲ್ಲ. ಕಟ್ಟುವ ಮೊದಲು ಕೇಳಿ: ಪ್ರದರ್ಶನ ಯಾವ ಊರಿನಲ್ಲಿ, ಯಾವ ಮಂದಿರದಲ್ಲಿ, ಎಷ್ಟು ಗಂಟೆಗೆ?

## ನಮ್ಮ ಊರಿನಲ್ಲಿ

ಎಲ್ಲವೂ ಬೆಂಗಳೂರಿನಲ್ಲೇ ಆಗಬೇಕೇ? ದಾವಣಗೆರೆಯಲ್ಲಿ, ಚಿತ್ರದುರ್ಗದಲ್ಲಿ ಚಿತ್ರೋತ್ಸವ ನಡೆಯಬಾರದೇ?

ನಡೆಯಬೇಕು. ಭಾರತದ ಮೊದಲ ಅಂತರರಾಷ್ಟ್ರೀಯ ಚಿತ್ರೋತ್ಸವ 1952ರ ಜನವರಿಯಲ್ಲಿ ಬೊಂಬಾಯಿಯಲ್ಲಿ ಶುರುವಾಗಿ, ಅಲ್ಲಿಗೇ ನಿಲ್ಲದೆ ಮದ್ರಾಸ್, ದೆಹಲಿ, ಕಲ್ಕತ್ತೆಗಳಿಗೆ ಪ್ರಯಾಣ ಮಾಡಿತು. ಹೆಗ್ಗೋಡಿನಂಥ ಪುಟ್ಟ ಹಳ್ಳಿಯಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಮ್ 1973ರಲ್ಲೇ ಚಿತ್ರಸಮಾಜ ಕಟ್ಟಿ, ಅಡಿಕೆ ಬೆಳೆಗಾರರಿಗೆ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ತೋರಿಸಿತು. ನಮಗೆ ಕಾಲೇಜುಗಳಿವೆ, ರಂಗಮಂದಿರಗಳಿವೆ, ಮಠಗಳ ಸಭಾಭವನಗಳಿವೆ. ಒಳ್ಳೆಯ ಪ್ರೊಜೆಕ್ಟರ್, ಕಪ್ಪು ಪರದೆ ಹಾಕಿದ ಕಿಟಕಿಗಳು ಮತ್ತು ಹಕ್ಕುದಾರರ ಅನುಮತಿ ಇದ್ದರೆ ಶುರು ಮಾಡಬಹುದು. ಉಚಿತ ಪ್ರದರ್ಶನಕ್ಕೂ ಅನುಮತಿ ಬೇಕು ಎಂಬುದನ್ನು ಮರೆಯಬೇಡಿ. ನಮ್ಮ ಕಾನೂನಿನಲ್ಲಿ ಚಲನಚಿತ್ರದ ಹಕ್ಕುಸ್ವಾಮ್ಯ ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ ಇರುತ್ತದೆ. ಅದು ಮುಗಿದ ಹಳೆಯ ಚಿತ್ರಗಳಿಂದ ಆರಂಭಿಸುವುದು ಸುಲಭ.

ನಾವು ಆರಂಭಿಸಿದ್ದೂ ಹಾಗೆಯೇ. ಒಂದು ಸಂಜೆ, ಬಾಡಿಗೆಗೆ ತಂದ ಪ್ರೊಜೆಕ್ಟರಿನಿಂದ ಗೆಳೆಯರ ಮನೆಯ ಹಜಾರದ ಬಿಳಿ ಗೋಡೆಯ ಮೇಲೆ, ಸಿನಿಮಾ ಹುಟ್ಟಿದ ಕಾಲದ ಫ್ರಾನ್ಸಿನ ಲೂಮಿಯೇರ್ ಸಹೋದರರ 1895ರ ಚಿತ್ರ ಹಾಕಿದೆವು. ಲಿಯಾನ್ ನಗರದ ಕಾರ್ಖಾನೆಯಿಂದ ಕಾರ್ಮಿಕರು ಹೊರಬರುವ ದೃಶ್ಯ, ಒಂದು ನಿಮಿಷವೂ ಇಲ್ಲ. ಮುಂದಿನ ಸಾಲಿನಲ್ಲಿ ನಮ್ಮ ಓಣಿಯ ಹಿರಿಯರೊಬ್ಬರಿದ್ದರು, ಹತ್ತಿ ಗಿರಣಿಯಲ್ಲಿ ಮೂವತ್ತು ವರ್ಷ ದುಡಿದವರು. ಗಿರಣಿ ಮುಚ್ಚಿ ಬಹಳ ಕಾಲವಾಗಿದೆ. ಗೋಡೆಯ ಮೇಲೆ ದೊಡ್ಡ ಬಾಗಿಲು ತೆರೆಯಿತು, ಉದ್ದ ಲಂಗದ ಹೆಂಗಸರು ಹೊರಗೆ ಬಂದರು, ಒಂದು ನಾಯಿ ಅವರ ನಡುವೆ ಓಡಾಡಿತು, ಸೈಕಲ್ ಹಿಡಿದವರು ಬಂದರು. ಮುಗಿಯಿತು. ಅವರು ‘ಇನ್ನೊಂದು ಸಲ ಹಾಕಪ್ಪ’ ಎಂದರು. ಮೂರು ಸಲ ಹಾಕಿದೆವು. ಮೂರನೆಯ ಸಲ ಮುಗಿದಾಗ ಅವರು ಹೇಳಿದರು: ‘ಸೈರನ್ ಆದ ಕೂಡಲೇ ನಾವೂ ಹೀಗೇ ಬರುತ್ತಿದ್ದೆವು. ಗೇಟಿನ ಹತ್ತಿರ ನಮ್ಮದೂ ಒಂದು ನಾಯಿ ಇತ್ತು.’

ಆಮೇಲೆ ಪ್ರತಿ ತಿಂಗಳ ಎರಡನೇ ಶನಿವಾರ ಅವರು ಎಲ್ಲರಿಗಿಂತ ಮೊದಲು ಬಂದು ಕುರ್ಚಿ ಜೋಡಿಸುತ್ತಾರೆ.

ಈ ಸಲ ನಿಮ್ಮ ಜೊತೆ ನಾನೂ ಬರಬಹುದೇ?

ಬನ್ನಿ. ಪಟ್ಟಿ ಪ್ರಕಟವಾದ ಮೊದಲ ಭಾನುವಾರ ಬೆಳಿಗ್ಗೆ ಎಂಟಕ್ಕೆ ಹಾಜರಿರಿ, ತಡವಾದರೆ ದೋಸೆಗೆ ಕಾಯಬೇಕಾಗುತ್ತದೆ. ವೇಳಾಪಟ್ಟಿಯ ಒಂದು ಪ್ರತಿ, ಒಂದು ಕೆಂಪು ಪೆನ್ಸಿಲ್, ಸಾಧ್ಯವಾದರೆ ಒಂದು ನಕ್ಷೆ ಪುಸ್ತಕ ತನ್ನಿ. ಬಸ್ಸಿನ ಸೀಟುಗಳನ್ನು ಅಂದೇ ಕಾದಿರಿಸುತ್ತೇವೆ. ಚಿತ್ರದುರ್ಗದವರು ಬೈಪಾಸಿನಲ್ಲಿ ಹತ್ತಿಕೊಳ್ಳಬಹುದು, ಅಲ್ಲಿಗೆ ಬಸ್ಸು ಬರುವುದು ರಾತ್ರಿ ಹನ್ನೊಂದೂವರೆಯ ಸುಮಾರಿಗೆ.